ಫ್ಲೈಟ್ ಸಿಮ್‌ಗೆ ದೊಡ್ಡ ಟಿವಿ ತಂದು ಮತ್ತೆ ಮಾನಿಟರ್‌ಗೇ ಬಂದೆ

ಮೊದಲೇ ಹೇಳಿಬಿಡುತ್ತೇನೆ, ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಆಟಕ್ಕೆ (ಅದೇ ಫ್ಲೈಟ್ ಸಿಮ್) ಗೆಲ್ಲುವುದು 27 ಇಂಚಿನ ಮಾನಿಟರ್. 43 ಇಂಚಿನ 4ಕೆ ಟಿವಿ ಕೆಟ್ಟ ವಸ್ತು ಅಂತಲ್ಲ. ಅದನ್ನು ಕಾಕ್‌ಪಿಟ್ ಮಾಡಿಕೊಳ್ಳಲು ಹೊರಟಿದ್ದು ನನ್ನ ತಪ್ಪು. ಒಂದು ಮಳೆಗಾಲ ಪೂರ್ತಿ ಅದರ ಜೊತೆ ಗುದ್ದಾಡಿ, ಕೊನೆಗೆ ಮಾನಿಟರ್ ತಂದು, ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಹಾರಿಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಒಳಗೆ. ಅಡಿಕೆ ದುಡ್ಡು ಕೈಗೆ ಬಂದ ವಾರ ಶಿವಮೊಗ್ಗಕ್ಕೆ ಹೋಗಿದ್ದೆ. ಆಗ ನನ್ನ ಹತ್ತಿರ ಇದ್ದಿದ್ದು ಹಳೆಯ 22 ಇಂಚಿನ ಮಾನಿಟರ್. ಅಂಗಡಿಯಲ್ಲಿ ಗೋಡೆ ತುಂಬ ಟಿವಿ ನೋಡಿ ತಲೆ ಕೆಟ್ಟಿತು. "ಕಂಪ್ಯೂಟರ್‌ಗೆ ಹಾಕ್ಬಹುದಾ?" ಅಂದೆ. "ಎಚ್‌ಡಿಎಂಐ ಇದೆಯಲ್ಲ ಸರ್, ಏನ್ ಬೇಕಾದ್ರೂ ಹಾಕಿ" ಅಂದರು. ಅವರು ಹೇಳಿದ್ದು ಸುಳ್ಳೂ ಅಲ್ಲ. 26,000 ರೂಪಾಯಿ ಕೊಟ್ಟು ಬಾಡಿಗೆ ಓಮ್ನಿಯಲ್ಲಿ ಹಾಕಿಸಿಕೊಂಡು ಬಂದೆ.

ನಾನು ಹಾರಿಸುವುದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020. ಗ್ರಾಫಿಕ್ಸ್ ಕಾರ್ಡ್ 12 ಜಿಬಿಯ ಆರ್‌ಟಿಎಕ್ಸ್ 3060. ನನ್ನ ಖಾಯಂ ದಾರಿ ಒಂದೇ. ಮಂಗಳೂರಿನಿಂದ ಸೆಸ್ನಾ 172 ಎಬ್ಬಿಸಿ, 7,500 ಅಡಿಗೆ ಹತ್ತಿ, ಬಲಗಡೆ ಕುದುರೆಮುಖ ಬಿಟ್ಟುಕೊಂಡು, ಶೃಂಗೇರಿ, ಕೊಪ್ಪದ ಮೇಲೆ ಬಂದು, ಶಿವಮೊಗ್ಗ ದಾಟಿ ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರುವ ಜಾಗದಲ್ಲಿ ತಿರುಗಿ ವಾಪಸ್. ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆ ಆಗಿದ್ದು 2023ರ ಫೆಬ್ರವರಿಯಲ್ಲಿ, ಸಿಮ್ 2020ರದು. ಹಾಗಾಗಿ ಅಲ್ಲಿ ಇಳಿಯುವ ಆಸೆ ನಾನು ಇಟ್ಟುಕೊಂಡಿಲ್ಲ, ಸುಮ್ನೆ ಮೇಲಿಂದ ಊರು ನೋಡಿಕೊಂಡು ಬರುತ್ತೇನೆ.

ಟಿವಿ ಹಾಕಿದ ಮೊದಲ ರಾತ್ರಿ ದಂಗಾದೆ. ಘಟ್ಟ ಕೋಣೆಯೊಳಗೇ ಬಂದ ಹಾಗಿತ್ತು. ಎಲ್ಲ ಸೆಟ್ಟಿಂಗ್ ಎಲ್ಲಕ್ಕಿಂತ ಮೇಲಿನ ಅಲ್ಟ್ರಾಗೆ ಎಳೆದು, ಸೆಕೆಂಡಿಗೆ ಫ್ರೇಮ್ (ಚಿತ್ರ) ಎಷ್ಟು ಬರುತ್ತಿದೆ ಅಂತಲೂ ನೋಡದೆ ಅರ್ಧ ಗಂಟೆ ಕೂತಿದ್ದೆ.

ಮಾರನೇ ದಿನ ಅಕ್ಕನ ಮಗ ಬಂದಿದ್ದ. ಮಂಗಳೂರಿನ ರನ್‌ವೇಗೆ ಇಳಿಸುತ್ತಿದ್ದೆ. ರನ್‌ವೇ ಪಕ್ಕ ಪಾಪಿ ಅನ್ನುವ ನಾಲ್ಕು ದೀಪ ಇರುತ್ತವೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಸರಿಯಾದ ಇಳಿಜಾರಿನಲ್ಲಿದ್ದೇವೆ ಅಂತ. ಕೆಂಪು ಜಾಸ್ತಿ ಆದರೆ ತಗ್ಗಿಗೆ ಬಂದಿದ್ದೇವೆ. ಗುಡ್ಡದ ತುದಿ ಕಡಿದು ಮಾಡಿದ ಆ ರನ್‌ವೇಯಲ್ಲಿ ಇದು ತಮಾಷೆಯ ವಿಷಯ ಅಲ್ಲ. ಹುಡುಗ ಹಿಂದಿನಿಂದ ಕೇಳಿದ, "ಮಾವ, ಆ ಲೈಟೆಲ್ಲಾ ಯಾಕೆ ಗುಲಾಬಿ ಕಾಣ್ತಿದೆ?"

ಹೌದಲ್ವಾ ಮಾರಾಯ! ದೂರದಿಂದ ನಾಲ್ಕೂ ದೀಪ ಒಂದಕ್ಕೊಂದು ಕಲೆಸಿ ತಿಳಿ ಗುಲಾಬಿ ಆಗಿದ್ದವು. ಆಮೇಲೆ ಕಾಕ್‌ಪಿಟ್ ಕಡೆ ಸರಿಯಾಗಿ ನೋಡಿದೆ. ಈ ಸೆಸ್ನಾದಲ್ಲಿ ಮುಳ್ಳಿನ ಮೀಟರ್‌ಗಳ ಬದಲು ಜಿ1000 ಅನ್ನುವ ಎರಡು ಸ್ಕ್ರೀನ್ ಇವೆ. ಅದರಲ್ಲಿ ಬಿಳಿ ಅಂಕಿಗಳು ಕೊರೆದಿಟ್ಟ ಹಾಗೆ ಸ್ಪಷ್ಟ. ಜಿಪಿಎಸ್ ದಾರಿ ತೋರಿಸುವ ಮೆಜೆಂಟಾ ಗೆರೆ, ಮೆಜೆಂಟಾ ಅಕ್ಷರ ಮಾತ್ರ ಒದ್ದೆ ಕಾಗದದ ಮೇಲೆ ಬರೆದ ಇಂಕಿನ ಹಾಗೆ ಹರಡಿದ್ದವು. 3 ಯಾವುದು, 8 ಯಾವುದು ಗೊತ್ತಾಗುತ್ತಿರಲಿಲ್ಲ. ಕನ್ನಡಕ ಒರೆಸಿದೆ. ಡ್ರೈವರ್ ಬದಲಿಸಿದೆ. ಸಿಮ್ ಒಳಗೆ ಅಂಚು ನಯ ಮಾಡುವ ಆಂಟಿ ಅಲಿಯಾಸಿಂಗ್ ಒಂದೊಂದೇ ಹಾಕಿ ತೆಗೆದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ಟಿವಿ ಆಫ್ ಮಾಡಿ ಆನ್ ಮಾಡಿ ಸರ್" ಅಂದರು.

ಮೂರು ವಾರ ಆದ ಮೇಲೆ ಗೊತ್ತಾಯಿತು, ಇದಕ್ಕೆ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಅನ್ನುತ್ತಾರೆ. ಟಿವಿಗೆ ಹೋಗುವ ಚಿತ್ರದಲ್ಲಿ ಬೆಳಕು ಎಷ್ಟು ಅನ್ನುವ ಲೆಕ್ಕ ಪ್ರತಿ ಪಿಕ್ಸೆಲ್‌ಗೂ ಬೇರೆ ಬೇರೆ ಇರುತ್ತದೆ, ಆದರೆ ಬಣ್ಣ ಯಾವುದು ಅನ್ನುವುದನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳು ಹಂಚಿಕೊಳ್ಳುತ್ತವೆ. 4:2:0 ಅಂದರೆ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ. ಸಿನಿಮಾ ನೋಡಲು ಇದು ಸಾಕು, ನಮ್ಮ ಕಣ್ಣಿಗೆ ಬಣ್ಣಕ್ಕಿಂತ ಬೆಳಕಿನ ವ್ಯತ್ಯಾಸವೇ ಜಾಸ್ತಿ ಕಾಣುವುದು. ಕಪ್ಪಿನ ಮೇಲೆ ಬಿಳಿ ಅಕ್ಷರ ಇದ್ದರೂ ತೊಂದರೆ ಇಲ್ಲ, ಅಲ್ಲಿ ಇರುವುದು ಬರೀ ಬೆಳಕಿನ ಆಟ. ಕಪ್ಪಿನ ಮೇಲೆ ಒಂದೆರಡು ಪಿಕ್ಸೆಲ್ ದಪ್ಪದ ಕೆಂಪು, ಮೆಜೆಂಟಾ ಬಂದಾಗ ಬಣ್ಣ ಪಕ್ಕದ ಮನೆಗೂ ಚೆಲ್ಲುತ್ತದೆ. ವಿಮಾನದ ಕಾಕ್‌ಪಿಟ್‌ನಲ್ಲಿ ಇರುವುದೇ ಅಂಥ ಗೆರೆಗಳು.

ಸರಿ ಮಾಡಲು ಮೂರು ಬೀಗ ತೆಗೆಯಬೇಕಾಯಿತು. ಒಂದು, ಕೇಬಲ್. 4ಕೆ ಚಿತ್ರ 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಸಲ) ಪೂರ್ತಿ ಬಣ್ಣದ ಜೊತೆ ಬರಬೇಕಾದರೆ ಎಚ್‌ಡಿಎಂಐ 2.0 ಬೇಕು, ಅದು ಸೆಕೆಂಡಿಗೆ 18 ಗಿಗಾಬಿಟ್ ಹೊರುತ್ತದೆ. ಹಳೆಯ 1.4 ಹೊರುವುದು 10.2. ನಾನು ಸೆಟ್‌ಟಾಪ್ ಬಾಕ್ಸಿನ ಹಳೇ ಕೇಬಲ್ ಸಿಕ್ಕಿಸಿದ್ದೆ, ಅದು ನನ್ನದೇ ದಡ್ಡತನ. ಎರಡು, ನನ್ನ ಟಿವಿಯಲ್ಲಿ ಮೂರು ಪೋರ್ಟ್ ಇದ್ದರೂ ಒಂದರಲ್ಲಿ ಮಾತ್ರ ಇದು ಸಾಧ್ಯ, ಅದನ್ನೂ ಮೆನುವಿನ ಹೊಟ್ಟೆಯೊಳಗೆ ಹೋಗಿ ಆನ್ ಮಾಡಬೇಕು. ಮೂರನೆಯದು ಅತೀ ವಿಚಿತ್ರ: ಆ ಪೋರ್ಟಿಗೆ 'ಪಿಸಿ' ಅಂತ ಹೆಸರಿಡಬೇಕು. ಬೇರೆ ಹೆಸರಿದ್ದರೆ ಪೂರ್ತಿ ಬಣ್ಣ ಕಳಿಸಿದರೂ ಟಿವಿ ಅದನ್ನು ಒಳಗೆ ಮತ್ತೆ ಇಳಿಸಿಕೊಳ್ಳುತ್ತದೆ. ಹೆಸರಿಟ್ಟ ಕೂಡಲೇ ಪಾಪಿ ದೀಪ ಎರಡು ಬಿಳಿ, ಎರಡು ಕೆಂಪು ಆಗಿ ಬಿಡಿಬಿಡಿಯಾಗಿ ಕಂಡವು. ಕುಣಿದಾಡಿದೆ.

ಮುಗೀತು ಅಂದುಕೊಂಡೆ. ಜುಲೈ ಬಂತು. ನಮ್ಮ ಕಡೆ ಜುಲೈ ಅಂದರೆ ಲೈನ್ ಮೇಲೆ ಮರ ಬೀಳುವ ತಿಂಗಳು. ಕರೆಂಟ್ ಹೋಗಿ ಬಂದಾಗಲೆಲ್ಲ ಈ ಪುಣ್ಯಾತ್ಮ ಟಿವಿ 'ಪಿಸಿ' ಅನ್ನುವ ಹೆಸರು ಮರೆಯುತ್ತದೆ! ದಿನಕ್ಕೆ ನಾಲ್ಕು ಸಲ ಕರೆಂಟ್ ಹೋದರೆ ನಾಲ್ಕು ಸಲ ನಾಮಕರಣ. ಕಂಪ್ಯೂಟರ್ ಯುಪಿಎಸ್ ಮೇಲೆ ಉಳಿದುಕೊಳ್ಳುತ್ತದೆ, ಟಿವಿಗೂ ಸೇರಿಸಿದರೆ ಅದು ಕುಂಯ್‌ಗುಟ್ಟಿ ಕೈಬಿಡುತ್ತದೆ. ಕುದುರೆಮುಖದ ಪಕ್ಕ ಮೋಡದೊಳಗೆ ಇದ್ದಾಗ ಕರೆಂಟ್ ಹೋಗಿ ಬಂತು ಅಂದರೆ, ಜಾಯ್‌ಸ್ಟಿಕ್ ಒಂದು ಕೈಯಲ್ಲಿ, ರಿಮೋಟ್ ಇನ್ನೊಂದು ಕೈಯಲ್ಲಿ. ಇಡೀ ಹೋಲಿಕೆಯಲ್ಲಿ ಟಿವಿ ಸೋತಿದ್ದು ಇಲ್ಲೇ, ಉಳಿದದ್ದೆಲ್ಲ ಒಗ್ಗರಣೆ.

ಮಾನಿಟರ್ ತಂದ ಮೇಲೆ ಗೊತ್ತಾದ ಇನ್ನೊಂದು ವಿಷಯ ನನಗೆ ನಂಬಲು ಕಷ್ಟ ಆಯಿತು. ದೊಡ್ಡ ಪರದೆ ಅಂದರೆ ದೊಡ್ಡ ನೋಟ ಅಂತಲ್ಲ. ಟೇಪ್ ಹಿಡಿದು ಅಳೆದೆ. ಟಿವಿ ಅಗಲ ಸುಮಾರು 95 ಸೆಂಟಿಮೀಟರ್, ನಾನು ಕೂರುತ್ತಿದ್ದದ್ದು ನಾಲ್ಕು ಅಡಿ ದೂರ. ಅದು ಕಣ್ಣಿಗೆ ತುಂಬುವುದು 43 ಡಿಗ್ರಿ ಆಸುಪಾಸು. ಮಾನಿಟರ್ ಅಗಲ 60 ಸೆಂಟಿಮೀಟರ್, ಕೂರುವುದು ಎರಡೇ ಅಡಿ ದೂರ, ತುಂಬುವುದು 50 ಡಿಗ್ರಿಗಿಂತ ಜಾಸ್ತಿ. ಅಂದರೆ ಸಣ್ಣ ಪರದೆಯೇ ಕಣ್ಣಿಗೆ ದೊಡ್ಡದು. ಟಿವಿಯನ್ನೂ ಎರಡೂವರೆ ಅಡಿಗೆ ಎಳೆದು ನೋಡಿದೆ, ಕತ್ತು ಬಿದ್ದುಹೋಯಿತು.

ಈ ಕೋನ ಯಾಕೆ ಮುಖ್ಯ ಅಂದರೆ, ಕ್ಯಾಮೆರಾ ಝೂಮ್ ಹಿಂದಕ್ಕೆ ಎಳೆದು ಜಾಸ್ತಿ ಜಾಗ ತುಂಬಿಸಿದಷ್ಟೂ ರನ್‌ವೇ ಇರುವುದಕ್ಕಿಂತ ದೂರ, ಸಣ್ಣದಾಗಿ ಕಾಣುತ್ತದೆ. ಟಿವಿಯಲ್ಲಿ ಅದೇ ಮಾಡಿಕೊಂಡಿದ್ದೆ, ಎತ್ತರದ ಅಂದಾಜು ತಪ್ಪಿ ಪ್ರತಿ ಸಲ ಧಡ್ ಅಂತ ಇಳಿಯುತ್ತಿದ್ದೆ. ಎಕ್ಸ್-ಪ್ಲೇನ್ 12 ಅನ್ನುವ ಇನ್ನೊಂದು ಸಿಮ್‌ನಲ್ಲಿ ಈ ಕೋನವನ್ನು ಡಿಗ್ರಿಯಲ್ಲೇ ಕೊಡಬಹುದು, ಅಳೆದ ಲೆಕ್ಕ ನೇರ ಹಾಕಿದರಾಯಿತು. ನಮ್ಮದರಲ್ಲಿ ಝೂಮ್ ಸ್ಲೈಡರ್ ಎಳೆದು ಅಂದಾಜು ಮಾಡಬೇಕು.

ಸೆಟ್ಟಿಂಗ್ ವಿಷಯ. 4ಕೆ ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್, ನನ್ನ 1440ಪಿ ಮಾನಿಟರ್ 37 ಲಕ್ಷ. ಕಾರ್ಡ್ ಒಂದೇ, ಹೊರೆ ಎರಡೂಕಾಲು ಪಟ್ಟು. ಟಿವಿಯಲ್ಲಿ ಅಲ್ಟ್ರಾ ಇಟ್ಟರೆ ನನಗೆ 25 ಫ್ರೇಮ್ ಬರುತ್ತಿತ್ತು. 25 ಅನ್ನುವುದು 60 ಹರ್ಟ್ಸ್ ಪರದೆಗೆ ಸಮ ಭಾಗ ಆಗುವುದಿಲ್ಲ, ಕೆಲವು ಫ್ರೇಮ್ ಎರಡು ಸಲ ನಿಂತರೆ ಕೆಲವು ಮೂರು ಸಲ. ವಿಮಾನ ತಿರುಗುವಾಗ ದಿಗಂತ ಕುಂಟುತ್ತದೆ, ಆಗುಂಬೆ ಘಾಟಿಯಲ್ಲಿ ಹಳೇ ಬಸ್ಸು ಗೇರ್ ಬದಲಿಸಿದ ಹಾಗೆ. ಮಾನಿಟರ್‌ನಲ್ಲಿ ಫ್ರೀಸಿಂಕ್ ಇದೆ, ಕಾರ್ಡ್ ಫ್ರೇಮ್ ಕೊಡುವವರೆಗೆ ಪರದೆಯೇ ಕಾಯುತ್ತದೆ. 45 ಬರುತ್ತದೆ, ನುಣ್ಣಗೆ ತಿರುಗುತ್ತದೆ.

ಈಗ ನನ್ನದು ಹೀಗಿದೆ: ಮೋಡ ಹೈ, ಮರ ಹೈ, ನೆರಳು ಮೀಡಿಯಂ, ಟೆರೇನ್ ಲೆವೆಲ್ ಆಫ್ ಡೀಟೇಲ್ (ನೆಲ ಎಷ್ಟು ದೂರದವರೆಗೆ ವಿವರವಾಗಿ ಕಾಣಬೇಕು ಅನ್ನುವುದು) 120. ಈ ಕೊನೆಯದು ಕಾರ್ಡ್‌ಗಿಂತ ಪ್ರೊಸೆಸರ್ ಹಿಂಡುತ್ತದೆ, ಅದನ್ನು 200ಕ್ಕೆ ಏರಿಸಿ ಆಮೇಲೆ ಕಾರ್ಡ್ ಬೈಯಬೇಡಿ. ಮೋಡ ಅಲ್ಟ್ರಾ ಮಾಡಿದರೆ ಎಂಟ್ಹತ್ತು ಫ್ರೇಮ್ ಹೋಗುತ್ತದೆ, ಹೈಗೂ ಅದಕ್ಕೂ ವ್ಯತ್ಯಾಸ ನಿಲ್ಲಿಸಿ ನೋಡಿದರೆ ಮಾತ್ರ. ಮೀಡಿಯಂಗೆ ಇಳಿಸಿದರೆ ಅಂಚೆಲ್ಲ ಅರಳೆ ಹಿಂಜಿದ ಹಾಗೆ ಕಾಳುಕಾಳು. ಮಳೆ ಮೋಡ ನೋಡಿಕೊಂಡೇ ಬೆಳೆದವರಿಗೆ ಅದು ಸಹಿಸುವುದಿಲ್ಲ.

ಬಣ್ಣದ ಬಗ್ಗೆ ಜಗಳ ಇದೆ. ಟಿವಿಯ 'ವಿವಿಡ್' ಮೋಡ್‌ನಲ್ಲಿ ಅಡಿಕೆ ತೋಟ ಗಿಳಿ ಹಸಿರು, ತುಂಗೆ ನೀರು ಇಂಕು. ಮಾನಿಟರ್‌ನಲ್ಲಿ ತೋಟ ತೋಟದ ಬಣ್ಣದಲ್ಲೇ ಇದೆ, ಸ್ವಲ್ಪ ಕಪ್ಪು ಹಸಿರು. ಆದರೆ ಜುಲೈಯಲ್ಲಿ ಹಾರಿದರೂ ನಮ್ಮ ಹುಲ್ಲುಗುಡ್ಡಗಳು ಬೇಸಿಗೆಯ ಕಂದು ಬಣ್ಣದಲ್ಲೇ ಕಾಣುತ್ತವೆ, ಇದು ಯಾವ ಪರದೆಯಿಂದಲೂ ಸರಿಹೋಗದು. ನೆಲದ ಚಿತ್ರ ಮೇಲಿನಿಂದ ತೆಗೆದ ಫೋಟೋ, ಅದಕ್ಕೆ ಮೋಡ ಇಲ್ಲದ ದಿನ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಅಂಥ ದಿನ ಎಲ್ಲಿಂದ ತರುವುದು?

ಮತ್ತೊಂದಿಷ್ಟು ಚೂರುಪಾರು. ಬೆಳಕು ಕತ್ತಲೆಯ ಅಂತರ ಹೆಚ್ಚಿಸಿ ತೋರಿಸಬೇಕಾದ ಎಚ್‌ಡಿಆರ್ ಟಿವಿಯಲ್ಲಿ ಹೆಸರಿಗೆ ಮಾತ್ರ. ಟಿವಿಯ ಸ್ಪೀಕರ್ ಚೆನ್ನಾಗಿತ್ತು, ಮಾನಿಟರ್‌ಗೆ ಸ್ಪೀಕರೇ ಇಲ್ಲ. ನೆಟ್ ಹೋದರೆ ಎರಡರಲ್ಲೂ ನೆಲ ಮಂಕು, ಯಾಕಂದರೆ ಫೋಟೋ ನೆಲ ನೆಟ್‌ನಿಂದಲೇ ಬರಬೇಕು. ಖಾಯಂ ದಾರಿ ಆದರೆ ರೋಲಿಂಗ್ ಕ್ಯಾಶ್ (ಒಮ್ಮೆ ಬಂದ ನೆಲವನ್ನು ಡಿಸ್ಕ್‌ನಲ್ಲೇ ಉಳಿಸಿಕೊಳ್ಳುವ ಸೆಟ್ಟಿಂಗ್) ಹಾಕಿಟ್ಟುಕೊಳ್ಳಿ.

ಕಣ್ಣಿಗೇ ಕಟ್ಟಿಕೊಳ್ಳುವ ವಿಆರ್ ಪರದೆ ಕೂಡ ನೋಡಿದ್ದೇನೆ, ಶಿವಮೊಗ್ಗ ವಿನೋಬನಗರದ ಗೆಳೆಯನ ಮನೆಯಲ್ಲಿ. ಕುತ್ತಿಗೆ ಹೊರಳಿಸಿ ರೆಕ್ಕೆ ನೋಡಿದಾಗ ಮೈ ಜುಂ ಅಂದಿದ್ದು ನಿಜ, ಆಳ ಅಂದರೆ ಅದು. ಇಪ್ಪತ್ತು ನಿಮಿಷಕ್ಕೆ ತಲೆ ಸುತ್ತಿ ಅವರ ಮನೆ ಮಜ್ಜಿಗೆ ಕುಡಿದು ಮಲಗಿದೆ. ಅದಕ್ಕೆ ತಕ್ಕ ಕಾರ್ಡ್ ಕೊಳ್ಳುವ ತಾಕತ್ತೂ ನನ್ನ ತೋಟಕ್ಕಿಲ್ಲ.

ನನ್ನ ತೀರ್ಪು ನನ್ನ ಅಭ್ಯಾಸಕ್ಕೆ. ನಾನು ಸಣ್ಣ ವಿಮಾನ ಹಾರಿಸುವವನು, ಅಂಕಿ ಓದಿಕೊಂಡು ಕೈಯಲ್ಲಿ ಇಳಿಸುವವನು, ಮೇಜಿನ ಮುಂದೆ ಕೂರುವವನು. ಹಾಗಾಗಿ 19,500ರ ಮಾನಿಟರ್. ದೊಡ್ಡ ವಿಮಾನ ಆಟೋಪೈಲಟ್‌ಗೆ ಬಿಟ್ಟು ಹಿಂದೆ ಒರಗಿ ಹೊರಗಿನ ಕ್ಯಾಮೆರಾದಲ್ಲಿ ಮೋಡ ನೋಡುವವರಾದರೆ, ಕರೆಂಟೂ ನೆಟ್ಟಗಿರುವ ಊರಾದರೆ, ಟಿವಿಯೇ ತಗೊಳ್ಳಿ. ಕೊಳ್ಳುವ ಮೊದಲು ಲ್ಯಾಪ್‌ಟಾಪ್ ಅಂಗಡಿಗೆ ಒಯ್ದು ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಸಣ್ಣ ಅಕ್ಷರ ಹಾಕಿ ನೋಡಿ, ಆಮೇಲೆ ಟಿವಿಯ ಪ್ಲಗ್ ಕಿತ್ತು ಮತ್ತೆ ಹಾಕಿ ಇನ್ನೊಮ್ಮೆ ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಟಿವಿ ಈಗ ಜಗಲಿಯಲ್ಲಿದೆ. ಅಮ್ಮನಿಗೆ 'ವಿವಿಡ್' ಮೋಡೇ ಇಷ್ಟ, ಬದಲಿಸಿದರೆ ಬೈಯುತ್ತಾರೆ.