ನಮ್ಮೂರ ಆಸ್ಪತ್ರಿ ಲಸಿಕೆ ಸೇವೆ: ಐದರಾಗ ನಾಲ್ಕು ಸ್ಟಾರ್

ಗದಗ ಜಿಲ್ಲಾದ ಒಂದ್ ಹಳ್ಳಿ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ರೀ, ಹೆಸರು ಬ್ಯಾಡ. ಕೊರೊನಾ ಟೈಮ್‌ನ್ಯಾಗ ಮನಿ ಮಂದಿ ಎಲ್ಲಾ ಲಸಿಕೆ ಹಾಕಿಸ್ಕೊಂಡಿದ್ದು ಅಲ್ಲೇ.

ಮೊದಲ ಬೈಯೋದು ಮುಗಿಸ್ತೀನಿ. 2021ರ ಮೇದಾಗ 18 ದಾಟಿದವರಿಗೆಲ್ಲಾ ಅಂದ್ರು, ಡೋಸೇ ಇಲ್ಲ, ಕೋವಿನ್ ಅನ್ನೋ ಸರ್ಕಾರದ ವೆಬ್‌ಸೈಟ್‌ನ್ಯಾಗ ಸ್ಲಾಟ್ ಹಿಡಿಯಾಕ ಸ್ಮಾರ್ಟ್‌ಫೋನ್ ಬೇಕು, ಹೊಲಕ್ಕ ಹೋಗೋ ಮಂದಿ ಎಲ್ಲಿಂದ ತರಬೇಕ್ರೀ? ಅದರಾಗ ಕೋವಿಶೀಲ್ಡ್ ಲಸಿಕೆಯ ಎರಡ್ ಡೋಸ್ ನಡುವಿನ ಗ್ಯಾಪ್ 12-16 ವಾರಕ್ಕ ಏರಿಸಿದ್ರು, ಬಾಗಲಿಗೆ ಒಂದ್ ಚೀಟಿ ಹಚ್ಚಲಿಲ್ಲ, ವಯಸ್ಸಾದವ್ರು ಬಿಸಲಾಗ ಬಂದು ಹೊಳ್ಳಿ ಹೋದ್ರು. ಒಂದ್ ಸ್ಟಾರ್ ಕಟ್.

ಆದ್ರ ಊರಿನ ಆಶಾ ಕಾರ್ಯಕರ್ತೆ ಅಕ್ಕಾರಿಗೆ ಹತ್ತು ಸ್ಟಾರ್ ಕೊಟ್ರೂ ಕಡಿಮಿನ. ಸೂಜಿ ಹಾಕಿಸ್ಕೊಂಡ್ರ ಎರಡ್ ವರ್ಷದಾಗ ಸಾಯ್ತಾರಂತ ವಾಟ್ಸಾಪ್‌ನಾಗ ಬಂದಿತ್ತಲ್ಲ, ನಮ್ಮ ಆಯಿ ಕದಾ ಹಾಕ್ಕೊಂಡು ಕುಂತಿದ್ಲು. ಅಕ್ಕಾರು ಜಗಳಾನೂ ಮಾಡ್ಲಿಲ್ಲ, ರೇಷನ್ ಬಂದ್ ಆಕ್ಕೈತಿ ಅಂತ ಹೆದರಿಸ್ಲೂ ಇಲ್ಲ, ಕಟ್ಟಿ ಮ್ಯಾಲೆ ಕುಂತು "ಯಮ್ಮಾ, ನಾನೂ ಹಾಕಿಸ್ಕೊಂಡೀನಿ, ಜ್ವರ ಬರ್ತಾವ, ಮೈಕೈ ನೋಯ್ತಾವ, ಗುಳಿಗಿ ಕೊಡ್ತೀನಿ" ಅಂದ್ರು. ಜ್ವರದ ಸುದ್ದಿ ಮೊದಲ ಹೇಳಿದ್ದಕ್ಕ ಆಯಿ ನಂಬಿದ್ಲು ಅನಸ್ತೈತಿ. ಒಂದ್ ಬಾಟ್ಲಿಯಾಗ 10 ಡೋಸ್, ಒಡದ್ರ 4 ತಾಸಿನಾಗ ಮುಗೀಬೇಕು, ಅದಕ್ಕ ಓಣಿ ಓಣಿ ತಿರುಗಿ ಹತ್ತು ಮಂದೀನ ಕೂಡಿಸ್ಕೊಂಡೇ ಬರ್ತಿದ್ರು. ಹಾಕಿದ ಮ್ಯಾಲೆ ಅರ್ಧಾ ತಾಸು ಕುಂದ್ರಿಸಿ ಕಳಸ್ತಿದ್ರು.

ಈಗ ಗುರುವಾರ ಕೂಸುಗಳಿಗೆ ಹಾಕ್ತಾರ, ತಾಯಿ ಕಾರ್ಡ್ ತಗೊಂಡು ಲಗೂನ ಹೋಗ್ರಿ, ಕುಡಿಯೋ ನೀರು ಮನಿಯಿಂದನ ಒಯ್ರಿ.