ಮಕ್ಕಳ ಬೆಳವಣಿಗೆಯ ಕೋರ್ಸ್: ಮನೆಯಲ್ಲೇ ಓದೋದಾ, ಹೋಗಿ ಕಲಿಯೋದಾ?

ಮಕ್ಕಳ ಬೆಳವಣಿಗೆ ಬಗ್ಗೆ ಓದಬೇಕು ಅಂದುಕೊಂಡವರಿಗೆ ಸಾಮಾನ್ಯವಾಗಿ ಎರಡು ದಾರಿ ಕಾಣುತ್ತವೆ. ಒಂದು, ಇಗ್ನೋ ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ದೂರ ಶಿಕ್ಷಣ ಡಿಪ್ಲೊಮಾ. ಇನ್ನೊಂದು, ದಿನಾ ಹೋಗಿ ಕಲಿಯುವ ಮಾಂಟೆಸ್ಸರಿ ಟೀಚರ್ ತರಬೇತಿ; ಮಕ್ಕಳು ವಸ್ತುಗಳನ್ನು ಕೈಯಲ್ಲಿ ಹಿಡಿದು ತಾವೇ ಕಲಿಯುವ ಪದ್ಧತಿ ಇದು.

ಇಗ್ನೋಗೆ ಪಿಯುಸಿ ಆಗಿದ್ದರೆ ಸಾಕು. ಒಟ್ಟು 32 ಕ್ರೆಡಿಟ್. ಒಂದು ಕ್ರೆಡಿಟ್‌ಗೆ 30 ಗಂಟೆಯ ಓದು, ಅಂದರೆ 960 ಗಂಟೆ. ಒಂದೇ ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಎರಡೂವರೆ ಗಂಟೆಗಿಂತ ಜಾಸ್ತಿ. ಮಗು ಮಲಗಿದ ಮೇಲೆ ಸುಮ್ನೆ ಪುಟ ತಿರುವಿದರೆ ಆಗುವ ಕೆಲಸವಲ್ಲ. ಅಸೈನ್‌ಮೆಂಟ್, ಪ್ರಾಜೆಕ್ಟ್, ಪರೀಕ್ಷೆ ಎಲ್ಲವೂ ಇವೆ.

ಆದರೆ ಮನೆಯಲ್ಲಿ ಪುಟ್ಟ ಮಗುವಿದ್ದರೆ ಓದಿದ್ದು ಕಣ್ಣೆದುರೇ ನಡೆಯುತ್ತದೆ. ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ತೋರಿಸಿದ ಪ್ರಯೋಗವನ್ನೇ ನೋಡಿ. ಒಂದೇ ಥರದ ಎರಡು ಲೋಟಗಳಿಗೆ ಸಮನಾಗಿ ನೀರು ಹಾಕಿ. ಒಂದರ ನೀರನ್ನು ಮಗುವಿನ ಎದುರೇ ಸಪೂರದ ಎತ್ತರದ ಲೋಟಕ್ಕೆ ಸುರಿಯಿರಿ. ನೀರು ಅಷ್ಟೇ ಇದ್ದರೂ ನಾಲ್ಕು ವರ್ಷದ ಮಗು ಸಾಮಾನ್ಯವಾಗಿ ಎತ್ತರದ್ದನ್ನೇ ತೋರಿಸಿ "ಇದ್ರಲ್ಲಿ ಜಾಸ್ತಿ" ಅನ್ನುತ್ತದೆ. ಆ ಕ್ಷಣ ಕಲಿಸುವಷ್ಟನ್ನು ಹತ್ತು ಪುಟ ಕಲಿಸಲ್ಲ.

ಮಾಂಟೆಸ್ಸರಿ ತರಬೇತಿಯ ಶಕ್ತಿ ಇರುವುದು ಕೈಯಾರೆ ಮಾಡಿ ಕಲಿಯುವುದರಲ್ಲಿ. ದೊಡ್ಡದರ ಮೇಲೆ ಚಿಕ್ಕದನ್ನಿಟ್ಟು ಕಟ್ಟುವ ಗುಲಾಬಿ ಗೋಪುರದ 10 ಮರದ ತುಂಡುಗಳನ್ನು ಮಾತಿಲ್ಲದೆ, ನಿಧಾನವಾಗಿ ಜೋಡಿಸಿ ತೋರಿಸುವುದನ್ನು ಪುಸ್ತಕದಿಂದ ಕಲಿಯೋಕಾಗಲ್ಲ. ತಪ್ಪಿದಾಗ ಪಕ್ಕದಲ್ಲಿ ತಿದ್ದುವವರು ಬೇಕು. ಶುಲ್ಕ ಮಾತ್ರ ಕೇಂದ್ರದಿಂದ ಕೇಂದ್ರಕ್ಕೆ ತುಂಬಾ ಬೇರೆ.

ಮಾಂಟೆಸ್ಸರಿ ಶಾಲೆಯಲ್ಲಿ ಟೀಚರ್ ಆಗಲೇಬೇಕೆಂದರೆ ಹೋಗಿ ಕಲಿಯಿರಿ. ಮನೆ ಬಿಟ್ಟು ಬರಲಾಗದವರಿಗೆ, ಬೆಳವಣಿಗೆಯನ್ನೇ ಅರ್ಥ ಮಾಡಿಕೊಳ್ಳಬೇಕೆನ್ನುವವರಿಗೆ ಇಗ್ನೋ ನನ್ನ ಆಯ್ಕೆ. ಜೊತೆಗೆ ವಾರಕ್ಕೊಂದು ಬೆಳಗ್ಗೆ, ಅನುಮತಿ ಕೇಳಿ, ಹತ್ತಿರದ ಅಂಗನವಾಡಿಯಲ್ಲಿ ಕೂತು ಮಕ್ಕಳನ್ನು ನೋಡಿ ಬನ್ನಿ.