ಯೂರೈಲ್ ಪಾಸ್: ನಾಲ್ಕು ಪ್ರಯಾಣಗಳ ಬಳಿಕ ಬರೆದ ವಿಮರ್ಶೆ

ಯುರೋಪಿನ ಹಲವು ದೇಶಗಳನ್ನು ರೈಲಿನಲ್ಲೇ ಸುತ್ತಬೇಕು, ಆದರೆ ಯಾವ ಊರಿನಲ್ಲಿ ಎಷ್ಟು ದಿನ ಇರುತ್ತೇನೆಂಬುದನ್ನು ಮೊದಲೇ ಕಟ್ಟಿಹಾಕಿಕೊಳ್ಳಬಾರದು ಎಂಬ ಆಸೆಯಿಂದ ನಾನು 2018ರಿಂದ ಈಚೆಗೆ ನಾಲ್ಕು ಬಾರಿ ಅಲ್ಲಿ ಪ್ರಯಾಣ ಮಾಡಿದ್ದೇನೆ. ಮೊದಲ ಸಲ ಪ್ರತಿಯೊಂದು ರೈಲಿಗೂ ಬೇರೆ ಬೇರೆ ಮುಂಗಡ ಟಿಕೆಟ್ ಕೊಂಡೆ, ನಂತರದ ಎರಡು ಸಲ, ಒಂದೇ ಪಾಸಿನಲ್ಲಿ ಹಲವು ದೇಶಗಳ ರೈಲುಗಳನ್ನು ಹತ್ತಲು ಬಿಡುವ ಯೂರೈಲ್ ಗ್ಲೋಬಲ್ ಪಾಸನ್ನೇ ನೆಚ್ಚಿಕೊಂಡೆ, ಕೊನೆಯ ಸಲ ಎರಡನ್ನೂ ಬೆರೆಸಿದೆ. ಪಾಸ್ ಅಗ್ಗವೋ ದುಬಾರಿಯೋ ಎಂದು ಕೇಳುವವರೇ ಹೆಚ್ಚು. ನಾಲ್ಕು ಪ್ರಯಾಣಗಳ ನಂತರ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆ: ಕೈಯಲ್ಲಿ ಪಾಸ್ ಇದ್ದರೆ ಯಾವ ದೇಶದಲ್ಲಿ ನಿಜಕ್ಕೂ ಎದ್ದು ಹೋಗಿ ರೈಲು ಹತ್ತಬಹುದು, ಯಾವ ದೇಶದಲ್ಲಿ ಹತ್ತಲಾಗದು?

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಯುರೋಪಿನ ಹೊರಗೆ ವಾಸಿಸುವವರಿಗಾಗಿ 1959ರಲ್ಲಿ ಆರಂಭವಾದದ್ದು ಯೂರೈಲ್, ಯುರೋಪಿನಲ್ಲೇ ನೆಲೆಸಿರುವವರಿಗಾಗಿ 1972ರಲ್ಲಿ ಬಂದದ್ದು ಇಂಟರ್‌ರೈಲ್. ಇದನ್ನು ನಿರ್ಧರಿಸುವುದು ಪೌರತ್ವವಲ್ಲ, ವಾಸಸ್ಥಳ. ಹಾಗಾಗಿ ಓದಿಗೋ ಕೆಲಸಕ್ಕೋ ಅಲ್ಲಿ ನೆಲೆಸಿರುವವರು ಇಂಟರ್‌ರೈಲನ್ನೇ ಕೊಳ್ಳಬೇಕು, ಮತ್ತು ತಾವು ವಾಸಿಸುವ ದೇಶದೊಳಗೆ ಅದರ ಬಳಕೆಗೆ ಮಿತಿ ಇದೆ ಎಂಬುದನ್ನು ತಿಳಿದಿರಬೇಕು. ಗ್ಲೋಬಲ್ ಪಾಸ್ 33 ದೇಶಗಳಲ್ಲಿ ಚಾಲ್ತಿಯಲ್ಲಿದೆ. ಒಂದು ತಿಂಗಳೊಳಗೆ 4, 5 ಅಥವಾ 7 ದಿನ, ಎರಡು ತಿಂಗಳೊಳಗೆ 10 ಅಥವಾ 15 ದಿನ ಬೇಕಾದಾಗ ಪ್ರಯಾಣಿಸುವ ಬಗೆ ಒಂದು. 15 ದಿನದಿಂದ ಮೂರು ತಿಂಗಳವರೆಗೆ ಬಿಡುವಿಲ್ಲದೆ ಪ್ರತಿದಿನವೂ ನಡೆಯುವ ಬಗೆ ಇನ್ನೊಂದು. 27 ವರ್ಷದವರೆಗಿನವರಿಗೂ 60 ದಾಟಿದವರಿಗೂ ರಿಯಾಯಿತಿ ಇದೆ. 4ರಿಂದ 11 ವರ್ಷದ ಮಕ್ಕಳು ದೊಡ್ಡವರ ಜೊತೆಯಲ್ಲಿದ್ದರೆ ಉಚಿತ, ಆದರೆ ಅವರ ಹೆಸರಿನಲ್ಲಿಯೂ ಪಾಸ್ ಪಡೆದಿರಬೇಕು.

2018ರ ಮೊದಲ ಪ್ರಯಾಣದಲ್ಲಿ ನಾನು ಪಾಸಿನ ಬೆಲೆ ನೋಡಿ ಹಿಂಜರಿದು, ತಿಂಗಳುಗಳ ಮೊದಲೇ ಕುಳಿತು ರಿಯಾಯಿತಿ ಟಿಕೆಟ್‌ಗಳನ್ನು ಒಂದೊಂದಾಗಿ ಕೊಂಡಿದ್ದೆ. ಆ ಟಿಕೆಟ್‌ಗಳು ನಿಜಕ್ಕೂ ಅಗ್ಗವಾಗಿದ್ದವು. ಪೂರ್ಣ ದರದ ಮೂರನೆಯ ಒಂದು ಭಾಗಕ್ಕೂ ಕೆಲವು ಸಿಕ್ಕಿದ್ದವು. ಆದರೆ ಅಂಥ ಟಿಕೆಟ್ ಅದರಲ್ಲಿ ನಮೂದಾದ ರೈಲಿಗೆ ಮಾತ್ರ ಸಲ್ಲುತ್ತದೆ. ಐದನೆಯ ದಿನ ನನ್ನ ಮೊದಲ ರೈಲು ಐವತ್ತು ನಿಮಿಷ ತಡವಾಗಿ ಬಂತು, ಗಡಿಯ ನಿಲ್ದಾಣದಲ್ಲಿ ಹತ್ತಬೇಕಾಗಿದ್ದ ಎರಡನೆಯ ರೈಲು ಹೊರಟುಹೋಗಿತ್ತು. ಎರಡು ಟಿಕೆಟ್‌ಗಳನ್ನು ನಾನು ಬೇರೆ ಬೇರೆ ತಾಣಗಳಲ್ಲಿ ಕೊಂಡಿದ್ದರಿಂದ ಎರಡನೆಯ ಕಂಪನಿಯ ದೃಷ್ಟಿಯಲ್ಲಿ ನಾನು ಸುಮ್ಮನೆ ತಡವಾಗಿ ಬಂದ ಪ್ರಯಾಣಿಕನಾಗಿದ್ದೆ. ಕೌಂಟರಿನಲ್ಲಿ ಹೊಸ ಟಿಕೆಟ್‌ಗೆ ತೆತ್ತ ಪೂರ್ಣ ದರ, ಅಲ್ಲಿಯವರೆಗೆ ಉಳಿಸಿದ್ದ ಹಣದ ಬಹುಭಾಗವನ್ನು ನುಂಗಿತು. ಅದಕ್ಕಿಂತ ಹೆಚ್ಚು ನೋಯಿಸಿದ್ದು ಇನ್ನೊಂದು ಸಂಗತಿ. ಇನ್ನೂ ಎರಡು ದಿನ ಇರಬೇಕೆನ್ನಿಸಿದ ಊರನ್ನು, ಬಿಸಿಲು ಆಗತಾನೆ ಬಿದ್ದಿದ್ದ ಬೆಳಗ್ಗೆ, ಟಿಕೆಟ್ ಹಾಳಾಗುತ್ತದೆಂಬ ಒಂದೇ ಕಾರಣಕ್ಕೆ ನಾನು ಬಿಟ್ಟು ಹೊರಟಿದ್ದೆ.

ಮುಂದಿನ ಬಾರಿ ಪಾಸ್ ಕೊಂಡದ್ದು ಆ ನೆನಪಿನಿಂದಲೇ. ಆಗ ಅದು ಕಾಗದದ ಪಾಸ್. ಪ್ರಯಾಣದ ದಿನಾಂಕವನ್ನು ಶಾಯಿಯಲ್ಲಿ ಬರೆದು, ಹತ್ತುವ ಮೊದಲೇ ರೈಲಿನ ವಿವರವನ್ನೂ ತುಂಬಬೇಕಿತ್ತು. ಈಗ ಆ ಕೆಲಸವನ್ನು ರೈಲ್ ಪ್ಲ್ಯಾನರ್ ಎಂಬ ಆ್ಯಪ್ ಮಾಡುತ್ತದೆ. ಹತ್ತಲಿರುವ ರೈಲನ್ನು ಹುಡುಕಿ ಪಾಸಿಗೆ ಸೇರಿಸಿದರೆ ಆ ದಿನದ ಕ್ಯೂಆರ್ ಟಿಕೆಟ್ ಸಿಗುತ್ತದೆ. ಮನಸ್ಸು ಬದಲಾದರೆ ಆ ರೈಲನ್ನು ತೆಗೆದು ಬೇರೊಂದನ್ನು ಸೇರಿಸಬಹುದು. ಆಸ್ಟ್ರಿಯಾದ ರೈಲ್‌ಜೆಟ್ ಎಂಬ ವೇಗದ ರೈಲಿನಲ್ಲಿ ಟಿಕೆಟ್ ಪರೀಕ್ಷಕಿ ನನ್ನ ಫೋನಿನ ಮೇಲೆ ತನ್ನ ಯಂತ್ರವನ್ನು ಹಿಡಿದು, ಪಾಸ್‌ಪೋರ್ಟನ್ನು ತೆರೆದು ಹೆಸರು ಹೋಲಿಸಿ ನೋಡಿ, ಮುಗುಳ್ನಕ್ಕು ಮುಂದಕ್ಕೆ ಹೋಗಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಪಾಸ್‌ಪೋರ್ಟ್ ಸಂಖ್ಯೆಗೆ ಪಾಸ್ ಕಟ್ಟಿಕೊಂಡಿರುವುದರಿಂದ ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಹೋಗುವಂತಿಲ್ಲ. ಫೋನಿಗೆ ಮೂರು ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್ ಸಿಗಬೇಕು, ಬ್ಯಾಟರಿ ಖಾಲಿಯಾದರೆ ಟಿಕೆಟ್ ಇಲ್ಲದಂತೆಯೇ. ಇದೇ ಕಾರಣಕ್ಕೆ ಪವರ್ ಬ್ಯಾಂಕ್ ನನ್ನ ಚೀಲದಲ್ಲಿ ಸದಾ ಇರುತ್ತದೆ.

ಇನ್ನು ಈ ಬರಹದ ತಿರುಳಿಗೆ ಬರುತ್ತೇನೆ. ಪಾಸ್ ಎಂದರೆ ಪ್ರಯಾಣ ದರ ಮಾತ್ರ, ಸೀಟು ಅದರಲ್ಲಿ ಸೇರಿಲ್ಲ. ಸೀಟು ಕಾಯ್ದಿರಿಸುವುದು ಕಡ್ಡಾಯವೇ ಅಲ್ಲವೇ ಎಂಬುದರ ಮೇಲೆ ಇಡೀ ಯುರೋಪನ್ನು ಎರಡು ಬಗೆಯ ನಾಡುಗಳಾಗಿ ನೋಡಬಹುದು. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಜರ್ಮನಿ, ಬೆಲ್ಜಿಯಂ, ನೆದರ್ಲೆಂಡ್ಸ್ ದೇಶಗಳ ಒಳಗಿನ ಬಹುತೇಕ ಹಗಲು ರೈಲುಗಳಿಗೆ ಸೀಟು ಕಾಯ್ದಿರಿಸುವ ಕಡ್ಡಾಯವಿಲ್ಲ. ಜರ್ಮನಿಯ ಅತಿವೇಗದ ಐಸಿಇ ರೈಲನ್ನು ಕೂಡ ಹಾಗೆಯೇ ಹತ್ತಬಹುದು. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೋಸ್ಸಾ, ಸ್ಪೇನಿನ ಆವೆ, ಲಂಡನ್ನಿಗೆ ಹೋಗುವ ಯೂರೋಸ್ಟಾರ್ ಎಂಬ ಅತಿವೇಗದ ರೈಲುಗಳು, ಬಹುತೇಕ ರಾತ್ರಿ ರೈಲುಗಳು ಇವಕ್ಕೆ ಮಾತ್ರ ಪಾಸ್ ಇದ್ದರೂ ಸೀಟಿಗೆ ಬೇರೆ ಹಣ ಕೊಡಬೇಕು. ಫ್ರಾನ್ಸಿನ ಒಳಗಿನ ಟಿಜಿವಿಗೆ ಅದು ಸಾಮಾನ್ಯವಾಗಿ 10 ಅಥವಾ 20 ಯೂರೋ. ಯೂರೋಸ್ಟಾರ್‌ಗೆ ಅದಕ್ಕಿಂತಲೂ ಹೆಚ್ಚು. ಹಣಕ್ಕಿಂತ ದೊಡ್ಡ ತೊಡಕೆಂದರೆ ಟಿಜಿವಿ ಮತ್ತು ಯೂರೋಸ್ಟಾರ್ ರೈಲುಗಳಲ್ಲಿ ಪಾಸ್ ಇದ್ದವರಿಗೆಂದು ಮೀಸಲಿಟ್ಟ ಸೀಟುಗಳ ಸಂಖ್ಯೆ ಸೀಮಿತವಾಗಿರುವುದು. ಅವು ತುಂಬಿದ ಮೇಲೆ ರೈಲಿನಲ್ಲಿ ಬೇರೆ ಸೀಟು ಖಾಲಿ ಇದ್ದರೂ ಪಾಸ್ ನೆರವಿಗೆ ಬರುವುದಿಲ್ಲ. ಅಂದರೆ ಬೇಸಿಗೆಯಲ್ಲಿ ಪ್ಯಾರಿಸಿನ ಸುತ್ತ ಓಡಾಡುವವರು ಪಾಸಿಗೂ ಹಣ ಕೊಟ್ಟು, ಸೀಟಿಗೂ ಹಣ ಕೊಟ್ಟು, ಅದರ ಮೇಲೆ ವಾರಗಳ ಮೊದಲೇ ದಿನಾಂಕವನ್ನೂ ನಿಗದಿ ಮಾಡಿಕೊಳ್ಳಬೇಕು. ಪಾಸ್ ಕೊಂಡ ಉದ್ದೇಶವೇ ಅಲ್ಲಿ ಕರಗಿಹೋಗುತ್ತದೆ.

ಇದಕ್ಕೆ ಪರಿಹಾರ ಇಲ್ಲದಿಲ್ಲ. ಕಡ್ಡಾಯವಿರುವ ದೇಶಗಳಲ್ಲಿಯೂ ಪ್ರಾದೇಶಿಕ ರೈಲುಗಳು ಮುಕ್ತವಾಗಿವೆ. ಇಟಲಿಯ ರೆಜೊನಾಲೆ, ಫ್ರಾನ್ಸಿನ ಟಿಇಆರ್ ರೈಲುಗಳು ಬಹುಪಾಲು ಹಾಗೆಯೇ ಹತ್ತಬಹುದಾದಂಥವು. ಫ್ರಾನ್ಸಿನ ನೀಸ್‌ನಿಂದ ಇಟಲಿಯ ವೆಂಟಿಮೀಲಿಯಾವರೆಗೆ ಕಡಲಂಚಿನಲ್ಲಿ ಸಾಗುವ ಸ್ಥಳೀಯ ರೈಲಿನಲ್ಲಿ ಕುಳಿತು ಗಡಿ ದಾಟಿದ್ದೇನೆ. ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಬೇಕೆನಿಸಿದ ನಿಲ್ದಾಣದಲ್ಲಿ ಇಳಿದು ಮುಂದಿನದರಲ್ಲಿ ಹೊರಡಬಹುದು. ಫ್ರಾನ್ಸಿನ ಅಗ್ಗದ ಒಯಿಗೊ ರೈಲುಗಳಿಗೆ ಮಾತ್ರ ಪಾಸ್ ಸಲ್ಲುವುದೇ ಇಲ್ಲ.

ಪಾಸ್ ತನ್ನ ಬೆಲೆಯನ್ನು ಪೂರ್ತಿ ತೀರಿಸಿದ ದಿನ ಯಾವುದೆಂದು ಕೇಳಿದರೆ, ಇಟಲಿಯ ತಿರಾನೊದಿಂದ ಸ್ವಿಟ್ಜರ್ಲೆಂಡಿನ ಸೇಂಟ್ ಮೋರಿಟ್ಜ್‌ಗೆ ಹೋದ ದಿನವನ್ನು ಹೇಳುತ್ತೇನೆ. ಆ ಮಾರ್ಗದಲ್ಲಿ ಬೆರ್ನಿನಾ ಎಕ್ಸ್‌ಪ್ರೆಸ್ ಎಂಬ ಪ್ರವಾಸಿ ರೈಲು ಓಡುತ್ತದೆ, ಅದಕ್ಕೆ ಸೀಟು ಕಾಯ್ದಿರಿಸಲೇಬೇಕು, ದರವೂ ಕಡಿಮೆಯದಲ್ಲ. ಅದೇ ಹಳಿಯ ಮೇಲೆ ಓಡುವ ಸಾಮಾನ್ಯ ಕೆಂಪು ರೈಲಿಗೆ ಅದು ಬೇಕಿಲ್ಲ, ಮೇಲಾಗಿ ಅದರಲ್ಲಿ ಕಿಟಕಿಯನ್ನು ಇಳಿಸಿ ಗಾಳಿಗೆ ಮುಖವೊಡ್ಡಬಹುದು. ತಿರಾನೊದ ಬೀದಿಯ ನಡುವೆ, ಚರ್ಚಿನ ಪಕ್ಕದಲ್ಲಿ, ಟ್ರಾಮಿನಂತೆ ನಿಧಾನವಾಗಿ ಹೊರಟ ರೈಲು ಬ್ರೂಸಿಯೊದಲ್ಲಿ ಕಲ್ಲಿನ ಕಮಾನುಗಳ ಮೇಲೆ ಒಂದು ಪೂರ್ತಿ ಸುತ್ತು ಹಾಕಿ ಮೇಲೇರುತ್ತದೆ. ಆಗ ನಮ್ಮದೇ ರೈಲಿನ ಹಿಂದಿನ ಬೋಗಿಗಳು ಕಿಟಕಿಯಲ್ಲಿ ಕಾಣಿಸುತ್ತವೆ. 2,253 ಮೀಟರ್ ಎತ್ತರದ ಕಣಿವೆದಾರಿಯನ್ನು ದಾಟುವ ಈ ಮಾರ್ಗವನ್ನು ಯುನೆಸ್ಕೊ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಆಲ್ಪ್ ಗ್ರ್ಯೂಮ್ ನಿಲ್ದಾಣದಲ್ಲಿ ಪಾಲ್ಯೂ ಹಿಮನದಿ ಎದುರಿಗೇ ಕಂಡಾಗ, ಯಾರನ್ನೂ ಕೇಳದೆ, ಏನನ್ನೂ ಕಳೆದುಕೊಳ್ಳದೆ ನಾನು ಇಳಿದುಬಿಟ್ಟೆ. ಮುಂದಿನ ರೈಲು ಬರುವವರೆಗೆ ಅಲ್ಲಿಯೇ ಕುಳಿತಿದ್ದೆ. 2018ರಲ್ಲಿ ನನ್ನ ಕೈಯಲ್ಲಿದ್ದಂಥ ಟಿಕೆಟ್‌ನಲ್ಲಿ ಇದು ಸಾಧ್ಯವಿರಲಿಲ್ಲ.

ಇನ್ನು ದಿನಗಳ ಲೆಕ್ಕ. ಪ್ರಯಾಣದ ದಿನ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ, ಆ ನಡುವೆ ಎಷ್ಟು ರೈಲುಗಳನ್ನಾದರೂ ಹತ್ತಬಹುದು. ರಾತ್ರಿ ರೈಲಿಗೆ ಹೊರಡುವ ದಿನ ಮಾತ್ರ ಖರ್ಚಾಗುತ್ತದೆ, ಆದರೆ ಮಧ್ಯರಾತ್ರಿಯ ನಂತರ ಇನ್ನೊಂದು ರೈಲಿಗೆ ಬದಲಾಯಿಸಿದರೆ ಎರಡನೆಯ ದಿನವೂ ಹೋಗುತ್ತದೆ. ನಾನು ಒಮ್ಮೆ ನೈಟ್‌ಜೆಟ್ ಎಂಬ ರಾತ್ರಿ ರೈಲಿನಿಂದ ಬೆಳಗ್ಗೆ ಇಳಿದು ಕೇವಲ ಇಪ್ಪತ್ತು ನಿಮಿಷದ ಉಪನಗರ ಪ್ರಯಾಣಕ್ಕೆ ಇಡೀ ಒಂದು ದಿನವನ್ನು ಕಳೆದುಕೊಂಡೆ. ನಾಲ್ಕೈದು ಯೂರೋ ಕೊಟ್ಟು ಬಿಡಿ ಟಿಕೆಟ್ ಕೊಂಡಿದ್ದರೆ ಆ ದಿನ ಉಳಿಯುತ್ತಿತ್ತು. ಅಂದಿನಿಂದ ಪಾಸಿನ ಬೆಲೆಯನ್ನು ದಿನಗಳಿಂದ ಭಾಗಿಸಿ ಬಂದ ಮೊತ್ತವನ್ನು ಮನಸ್ಸಿನಲ್ಲಿಟ್ಟುಕೊಂಡು, ಅದಕ್ಕಿಂತ ಕಡಿಮೆ ಬೀಳುವ ದಾರಿಗೆಲ್ಲ ಬಿಡಿ ಟಿಕೆಟ್ಟನ್ನೇ ಕೊಳ್ಳುತ್ತೇನೆ. ಲಕ್ಸೆಂಬರ್ಗ್‌ನಲ್ಲಂತೂ 2020ರ ಫೆಬ್ರವರಿ 29ರಿಂದ ಎರಡನೆಯ ದರ್ಜೆಯ ರೈಲು, ಬಸ್ಸು, ಟ್ರಾಮ್ ಎಲ್ಲವೂ ಉಚಿತ; ಆ ದೇಶದೊಳಗೆ ಓಡಾಡಲು ಪಾಸಿನ ದಿನ ವ್ಯಯಿಸುವುದು ಶುದ್ಧ ನಷ್ಟ. ನಗರಗಳ ಮೆಟ್ರೋಗೆ ಪಾಸ್ ಸಾಮಾನ್ಯವಾಗಿ ಸಲ್ಲುವುದಿಲ್ಲ. ಪ್ಯಾರಿಸಿನಲ್ಲಿ ಗಾರ್ ದ್ಯು ನೋರ್ ನಿಲ್ದಾಣದಿಂದ ಗಾರ್ ದ ಲಿಯೋನ್ ನಿಲ್ದಾಣಕ್ಕೆ ಹೋಗಲು ಬೇರೆ ಟಿಕೆಟ್ ಬೇಕು, ಆ ದಾಟುವಿಕೆಗೆ ಒಂದು ಗಂಟೆಯಾದರೂ ಬಿಟ್ಟುಕೊಳ್ಳಬೇಕು.

ಜರ್ಮನಿಯಲ್ಲಿ ಕಾಯ್ದಿರಿಸದೆ ಹತ್ತುವವರಿಗೆ ಒಂದು ಮಾತು. ಸೀಟಿನ ಮೇಲಿನ ಪುಟ್ಟ ಫಲಕದಲ್ಲಿ ಯಾವ ಊರಿನಿಂದ ಯಾವ ಊರಿಗೆ ಕಾಯ್ದಿರಿಸಲಾಗಿದೆ ಎಂದು ತೋರಿಸುತ್ತಾರೆ. ಏನೂ ಇಲ್ಲದ ಸೀಟು ನಿಮ್ಮದು. ಅಗತ್ಯ ಬಿದ್ದರೆ ಬಿಟ್ಟುಕೊಡಬೇಕು ಎಂಬ ಅರ್ಥದ ಜರ್ಮನ್ ಬರಹವಿರುವ ಸೀಟಿನಲ್ಲಿ ಕುಳಿತರೆ, ಕೊನೆಯ ಗಳಿಗೆಯಲ್ಲಿ ಕಾಯ್ದಿರಿಸಿದವರು ಬಂದು ಎಬ್ಬಿಸಬಹುದು. ಶುಕ್ರವಾರ ಸಂಜೆ ಮತ್ತು ಭಾನುವಾರ ಸಂಜೆಯ ದೂರದ ರೈಲುಗಳಿಗೆ ಕಡ್ಡಾಯವಿಲ್ಲದಿದ್ದರೂ ಕೆಲವು ಯೂರೋ ಕೊಟ್ಟು ಸೀಟು ಕಾಯ್ದಿರಿಸುತ್ತೇನೆ. ಮೂರು ಗಂಟೆ ಬೋಗಿಯ ಬಾಗಿಲಲ್ಲಿ ನಿಂತು ಬಂದ ಮೇಲೆ ಕಲಿತದ್ದು ಇದು.

ತಡವಾದಾಗಿನ ಹಕ್ಕುಗಳ ಬಗ್ಗೆಯೂ ಹೇಳಬೇಕು, ಏಕೆಂದರೆ ಬಿಡಿ ಟಿಕೆಟ್ ಕೊಳ್ಳುವವರ ನಿರ್ಧಾರ ಇದರ ಮೇಲೆ ನಿಂತಿದೆ. ಯುರೋಪಿಯನ್ ಒಕ್ಕೂಟದಲ್ಲಿ 2023ರ ಜೂನ್ 7ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ತಲುಪುವುದು 60 ನಿಮಿಷ ತಡವಾದರೆ ದರದ ಶೇ. 25ರಷ್ಟು, 120 ನಿಮಿಷ ದಾಟಿದರೆ ಶೇ. 50ರಷ್ಟು ಪರಿಹಾರ ಸಿಗುತ್ತದೆ. ವಿಪರೀತ ಹವಾಮಾನದಂಥ ಕಾರಣಗಳಿಗೆ ವಿನಾಯಿತಿ ಇದೆ. ಸಂಪರ್ಕ ರೈಲು ತಪ್ಪಿದಾಗ ಮುಂದಿನದರಲ್ಲಿ ಕಳುಹಿಸುವ ಹೊಣೆ ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಇದ್ದಾಗ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಆದ್ದರಿಂದ ಎರಡು ದೇಶ ದಾಟುವ ದಾರಿಗೆ ಬಿಡಿ ಟಿಕೆಟ್ ಕೊಳ್ಳುವುದಾದರೆ, ಎರಡು ತುಂಡಾಗಿ ಕೊಂಡು ಹತ್ತು ಯೂರೋ ಉಳಿಸುವ ಬದಲು ಮೊದಲ ನಿಲ್ದಾಣದಿಂದ ಕೊನೆಯ ನಿಲ್ದಾಣದವರೆಗೆ ಒಂದೇ ಟಿಕೆಟ್ ಕೊಳ್ಳಿರಿ.

ಕೊನೆಯ ಪ್ರಯಾಣಕ್ಕೆ ನಾನು ಎರಡು ತಿಂಗಳೊಳಗಿನ 10 ದಿನಗಳ ಪಾಸನ್ನು ರಿಯಾಯಿತಿಯ ಸಮಯದಲ್ಲಿ ಕೊಂಡೆ. ಕೊಂಡ 11 ತಿಂಗಳೊಳಗೆ ಚಾಲೂ ಮಾಡಬಹುದಾದ್ದರಿಂದ ಮೊದಲೇ ಕೊಂಡಿಡಲು ತೊಂದರೆಯಿಲ್ಲ, ಆದರೆ ರಿಯಾಯಿತಿ ಪಾಸನ್ನು ಹಿಂದಿರುಗಿಸುವ ಷರತ್ತುಗಳನ್ನು ಓದಿಯೇ ಕೊಳ್ಳಬೇಕು. ಆ ಹತ್ತು ದಿನಗಳನ್ನು ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಪ್ರಾದೇಶಿಕ ರೈಲುಗಳಿಗೆ ಮೀಸಲಿಟ್ಟೆ. ಪ್ಯಾರಿಸ್‌ನಿಂದ ಬಾರ್ಸಿಲೋನಾಕ್ಕೆ ಹೋಗುವ ದಿನ ಹೇಗೂ ಬದಲಾಗುವಂತಿರಲಿಲ್ಲ, ಅದಕ್ಕೆ ಮುಂಗಡ ಟಿಕೆಟ್ ಕೊಂಡು ಪಾಸಿನ ದಿನವನ್ನು ಮುಟ್ಟಲಿಲ್ಲ. ಒಂದೇ ದೇಶದಲ್ಲಿ ವಾರ ಕಳೆಯುವವರಿಗೆ, ಅದರಲ್ಲೂ ದೋಣಿ, ಬಸ್ಸು, ಟ್ರಾಮುಗಳನ್ನು ಬಳಸಿ ಸ್ವಿಟ್ಜರ್ಲೆಂಡ್ ನೋಡುವವರಿಗೆ, ಯೂರೈಲ್‌ಗಿಂತ ಸ್ವಿಸ್ ಟ್ರಾವೆಲ್ ಪಾಸ್ ಹೆಚ್ಚು ಒದಗಿಬರುತ್ತದೆ. ದಿನಾಂಕ, ಊರು, ಹೋಟೆಲ್ ಎಲ್ಲವೂ ನಿಗದಿಯಾಗಿರುವವರಿಗೆ ಮುಂಗಡ ಟಿಕೆಟ್ಟೇ ಸರಿ. ನನ್ನ ಮುಂದಿನ ಪ್ರಯಾಣಕ್ಕೆ ಮತ್ತೆ ಹತ್ತು ದಿನಗಳ ಪಾಸನ್ನೇ ಕೊಳ್ಳುತ್ತೇನೆ. ಈ ಸಲ ಸೀಟು ಕೇಳದ ರೈಲುಗಳ ನಕ್ಷೆಯನ್ನು ಮುಂದಿಟ್ಟುಕೊಂಡು, ಅದರ ಮೇಲೆ ಊರುಗಳನ್ನು ಗುರುತಿಸುತ್ತಿದ್ದೇನೆ.